ಬಾಳೆ ಕಪ್ಪಾದಾಗ: ಯಾವುದು ಗಾಯ, ಯಾವುದು ರೋಗ

ನಂಜನಗೂಡು ತಾಲ್ಲೂಕಿನ ದೇವರಸನಹಳ್ಳಿ ಆಸುಪಾಸಿನ ರಸಬಾಳೆ ತೋಟಗಳಲ್ಲಿ ಗೊನೆ ಇಳಿಸಿ ಗಿಡ ಕಡಿದಾಗ, ಕಡಿದ ಮೈ ಮೊದಲು ಅಚ್ಚ ಬಿಳುಪಾಗಿರುತ್ತದೆ. ನೋಡನೋಡುತ್ತಿದ್ದಂತೆ ಕೆಂಚಾಗಿ, ಸಂಜೆಯ ಹೊತ್ತಿಗೆ ಕಪ್ಪಾಗುತ್ತದೆ. ತಿ. ನರಸೀಪುರದ ಮನೆಗಳಲ್ಲಿ ಬಾಳೆದಿಂಡು ಹೆಚ್ಚಲು ಕೂತವರು ಕಾಣುವುದೂ ಇದನ್ನೇ. ಕೊನೆಯ ಬಿಲ್ಲೆ ಹೆಚ್ಚುವಷ್ಟರಲ್ಲಿ ಮೊದಲ ಬಿಲ್ಲೆಯ ಬಣ್ಣ ತಿರುಗಿರುತ್ತದೆ. ಅಡುಗೆಮನೆಯಲ್ಲಿ ಇದರಿಂದ ಆಗುವ ನಷ್ಟ ಅಷ್ಟಕ್ಕಷ್ಟೆ. ತೋಟದಲ್ಲಿ ಹಾಗಲ್ಲ. ರಸಬಾಳೆಯನ್ನು ಈ ನೆಲದಿಂದ ಬಹುಪಾಲು ಅಳಿಸಿದ ಪನಾಮಾ ಸೊರಗು ರೋಗವೂ ಕಾಂಡದೊಳಗೆ ಕೆಂಚು ಬಣ್ಣವಾಗಿಯೇ ಕಾಣಿಸಿಕೊಳ್ಳುತ್ತದೆ. ಯಾವುದು ಬರೀ ಗಾಯದ ಬಣ್ಣ, ಯಾವುದು ರೋಗದ ಬಣ್ಣ ಎಂದು ತಿಳಿಯದೆ ಹೋದರೆ ಒಳ್ಳೆಯ ಗಿಡವನ್ನು ಕಿತ್ತು ಹಾಕುವ, ಇಲ್ಲವೇ ರೋಗದ ಗಿಡದ ಮರಿಯನ್ನೇ ತಂದು ನೆಡುವ ಅಪಾಯವಿದೆ. ಎರಡರ ಹಿಂದೆಯೂ ಕೆಲಸ ಮಾಡುವ ಕಿಣ್ವ ಒಂದೇ ಬಗೆಯದು. ಅದು ಎಚ್ಚರಗೊಳ್ಳುವ ರೀತಿ ತಿಳಿದರೆ ಅಡುಗೆಮನೆಯ ಉಪಾಯಗಳೂ ತೋಟದ ಪರೀಕ್ಷೆಯೂ ತಾವಾಗಿ ಅರ್ಥವಾಗುತ್ತವೆ.

ಮಲಗಿರುವ ಕಿಣ್ವ

ಈ ಕಿಣ್ವದ ಹೆಸರು ಪಾಲಿಫಿನಾಲ್ ಆಕ್ಸಿಡೇಸ್. ಬಾಳೆ, ಬದನೆ, ಆಲೂಗೆಡ್ಡೆ, ಸೇಬು, ಕಬ್ಬು, ಚಹಾ ಎಲೆ, ಎಲ್ಲದರಲ್ಲೂ ಇದೆ. ಕೆಲಸ ಮಾಡುವ ಜಾಗದಲ್ಲಿ ಎರಡು ತಾಮ್ರದ ಪರಮಾಣುಗಳಿರುತ್ತವೆ. ಅವು ಗಾಳಿಯ ಆಮ್ಲಜನಕವನ್ನು ಹಿಡಿದು ಫಿನಾಲ್ ಎಂಬ ಒಗರು ವಸ್ತುಗಳಿಗೆ ಸೇರಿಸುತ್ತವೆ. ಹಾಗೆ ಹುಟ್ಟುವ ಕ್ವಿನೋನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಕೆಂಚು, ಆಮೇಲೆ ಕಪ್ಪು ಬಣ್ಣವಾಗುತ್ತವೆ. ಬಾಳೆಯಲ್ಲಿ ಈ ಫಿನಾಲ್ ಮುಖ್ಯವಾಗಿ ಡೋಪಮೈನ್. ನಮ್ಮ ಮಿದುಳಿನಲ್ಲಿ ಸಂದೇಶ ಸಾಗಿಸುವ ಅದೇ ರಾಸಾಯನಿಕ. ಬದನೆಯಲ್ಲಿ ಕ್ಲೋರೋಜೆನಿಕ್ ಆಮ್ಲ. ಬಟ್ಟೆಗೆ ಹತ್ತಿದರೆ ಜಪ್ಪಯ್ಯ ಎಂದರೂ ಬಿಡದ ಬಾಳೆಕರೆಯೂ ಹೀಗೆ ಗಾಳಿಗೆ ಬಣ್ಣ ಕಟ್ಟಿದ ಫಿನಾಲ್‌ಗಳ ಕೆಲಸವೇ.

ಹಾಗಾದರೆ ಗಿಡದಲ್ಲಿರುವಾಗ ಬಾಳೆಕಾಯಿಯ ಒಳಗು ಕಪ್ಪಾಗದೆ ಉಳಿಯುವುದು ಹೇಗೆ? ಇದಕ್ಕೆ ಎರಡು ಕಾವಲುಗಳಿವೆ. ಮೊದಲನೆಯದು ಗೋಡೆ. ಫಿನಾಲ್‌ಗಳು ಜೀವಕೋಶದ ನಡುವಿನ ರಸಚೀಲದಲ್ಲಿರುತ್ತವೆ. ಕಿಣ್ವ ಬೇರೆಯಾಗಿ, ಪ್ಲಾಸ್ಟಿಡ್ ಎಂಬ ಪುಟ್ಟ ಕಣಗಳೊಳಗೆ ಇರುತ್ತದೆ. ಕೋಶ ಒಡೆಯುವ ತನಕ ಒಂದಕ್ಕೊಂದು ಸಿಗುವುದಿಲ್ಲ. ಎರಡನೆಯ ಕಾವಲು ಇನ್ನೂ ಸೂಕ್ಷ್ಮವಾದದ್ದು. ಕಿಣ್ವದ ಬಹುಭಾಗ ತಯಾರಾದಾಗಲೇ ನಿಷ್ಕ್ರಿಯ ರೂಪದಲ್ಲಿರುತ್ತದೆ. ಅದರ ಬಾಲದ ತುಂಡೊಂದು ಮಡಚಿಕೊಂಡು ತಾಮ್ರವಿರುವ ಜಾಗದ ಬಾಯನ್ನು ಮುಚ್ಚಿರುತ್ತದೆ. ಕತ್ತಿ ಇದೆ, ಆದರೆ ಒರೆಯೊಳಗಿದೆ.

ಆ ಒರೆ ಕಳಚುವ ಬಗೆಗಳು ಹಲವು. ಕೋಶ ಒಡೆದಾಗ ಹೊರಬರುವ ಪ್ರೋಟೀನು ಕತ್ತರಿಸುವ ಕಿಣ್ವಗಳು ಬಾಲದ ತುಂಡನ್ನು ಕಡಿದು ಹಾಕಬಲ್ಲವು. ಹರಿದ ಪೊರೆಗಳಿಂದ ಬಿಡುಗಡೆಯಾಗುವ ಕೊಬ್ಬಿನ ಆಮ್ಲಗಳು ಕಿಣ್ವದ ಮಡಿಕೆಯನ್ನು ಸಡಿಲಿಸಬಲ್ಲವು. ಪ್ರಯೋಗಾಲಯದಲ್ಲಿ ಮಾರ್ಜಕದ ಹನಿ ಹಾಕಿಯೂ, ಸ್ವಲ್ಪ ಹೊತ್ತು ಹುಳಿಗೆ ಒಡ್ಡಿಯೂ ಇದೇ ಪರಿಣಾಮ ಪಡೆಯುತ್ತಾರೆ. ಹೊಲದಲ್ಲಿ ಆ ಕೆಲಸವನ್ನು ಕೀಟದ ಹಲ್ಲು, ಶಿಲೀಂಧ್ರದ ಎಳೆ, ಕುಡುಗೋಲಿನ ಏಟು ಮಾಡುತ್ತವೆ. ಗಿಡದ ಲೆಕ್ಕದಲ್ಲಿ ಇದು ಆತ್ಮರಕ್ಷಣೆ. ಕ್ವಿನೋನ್‌ಗಳು ರೋಗಾಣುಗಳಿಗೆ ವಿಷ. ಎಲೆಯ ಪ್ರೋಟೀನಿಗೆ ಅಂಟಿಕೊಂಡು ಅದು ಕೀಟಕ್ಕೆ ಜೀರ್ಣವಾಗದಂತೆಯೂ ಮಾಡುತ್ತವೆ. ಆದ್ದರಿಂದ ಹೆಚ್ಚಿದ ಬಾಳೆಕಾಯಿ ಕಪ್ಪಾಗಿದೆ ಎಂದು ಎಸೆಯಬೇಡಿ. ಸ್ವಲ್ಪ ಸಿ ಜೀವಸತ್ವ ಕಡಿಮೆಯಾಗಿರುತ್ತದೆ, ನೋಟ ಕೆಟ್ಟಿರುತ್ತದೆ, ತಿನ್ನಲು ಏನೂ ತೊಂದರೆಯಿಲ್ಲ. ಲೋಳೆ, ಹುಳಿವಾಸನೆ, ಬೂಷ್ಟು ಇದ್ದರೆ ಮಾತ್ರ ಅದು ಕೊಳೆತದ್ದು.

ಈಳಿಗೆ ಮಣೆಯ ಮುಂದೆ

ಕಿಣ್ವಕ್ಕೆ ಬೇಕಾದದ್ದು ಒಡೆದ ಕೋಶ ಮತ್ತು ಗಾಳಿ. ಅದನ್ನು ತಡೆಯುವುದು ಹುಳಿ. ಕೊಲ್ಲುವುದು ಬಿಸಿ ಮಾತ್ರ. ಇಷ್ಟನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಕೈಗೆ ಬರುತ್ತದೆ.

ಮೊದಲು ಅಲಗಿನ ಹರಿತ ನೋಡಿ. ಮೊಂಡು ಅಲಗು ಹೆಚ್ಚುವುದಕ್ಕಿಂತ ಜಜ್ಜುವುದೇ ಹೆಚ್ಚು. ಒಡೆದ ಕೋಶಗಳು ಹೆಚ್ಚಾದಷ್ಟೂ ಬಣ್ಣ ಬೇಗ ಏರುತ್ತದೆ. ಕಬ್ಬಿಣದ ಈಳಿಗೆಯಲ್ಲಿ ಇನ್ನೊಂದು ತೊಡಕಿದೆ. ಬಾಳೆಯ ಒಗರಿನೊಡನೆ ಕಬ್ಬಿಣ ಸೇರಿದರೆ ಕಿಣ್ವದ ಹಂಗಿಲ್ಲದೆಯೇ ಶಾಯಿಯಂಥ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಬಾಳೆದಿಂಡು, ಬಾಳೆಹೂವಿಗೆ ಹರಿತವಾದ ಸ್ಟೀಲ್ ಚಾಕುವೇ ಒಳ್ಳೆಯದು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಕರೆ ಅಂಟುವುದಿಲ್ಲ.

ಹೆಚ್ಚುವ ಮೊದಲೇ ಪಕ್ಕದಲ್ಲಿ ನೀರುಮಜ್ಜಿಗೆ ಇಟ್ಟುಕೊಂಡಿರಿ. ಬರೀ ನೀರು ಗಾಳಿಯನ್ನು ದೂರವಿಡುತ್ತದೆ, ಅಷ್ಟೇ. ಮಜ್ಜಿಗೆಯ ಹುಳಿ ಕಿಣ್ವದ ಕೈ ಕಟ್ಟುತ್ತದೆ. ಮಜ್ಜಿಗೆಯಲ್ಲಿರುವ ಹಾಲಿನ ಪ್ರೋಟೀನು ಫಿನಾಲ್‌ಗಳನ್ನು ಹಿಡಿದುಕೊಂಡು ಬಾಳೆಹೂವಿನ ಒಗರನ್ನೂ ತಗ್ಗಿಸುತ್ತದೆ. ಒಂದು ಲೀಟರಿಗೆ ಒಂದೆರಡು ಚಮಚ ಕಲ್ಲುಪ್ಪು ಹಾಕಿದರೆ ಇನ್ನೂ ಚೆನ್ನ. ಉಪ್ಪಿನಲ್ಲಿರುವ ಕ್ಲೋರೈಡ್ ಕೂಡ ಈ ಕಿಣ್ವವನ್ನು ತಡೆಯುತ್ತದೆ, ಅದೂ ಹುಳಿ ಇದ್ದಾಗ ಹೆಚ್ಚು ಬಲವಾಗಿ. ಬದನೆ ಹೋಳಿಗೆ ಉಪ್ಪುನೀರು, ಬಾಳೆಗೆ ಉಪ್ಪು ಹಾಕಿದ ಮಜ್ಜಿಗೆ ಎಂದು ಅಜ್ಜಿಯರು ಮಾಡಿಕೊಂಡು ಬಂದ ವಿಂಗಡಣೆ ಸರಿಯಾಗಿಯೇ ಇದೆ.

ಬದನೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಮೈಸೂರಿನವರು ವಾಂಗಿಬಾತಿಗೆ ಹುಡುಕಿಕೊಂಡು ಹೋಗುವ ಉದ್ದನೆಯ ಹಸಿರು ಈರನಗೆರೆ ಬದನೆಯಾಗಲಿ, ಗುಂಡು ಬದನೆಯಾಗಲಿ, ಒಳಗಿನ ತಿರುಳಿನ ತುಂಬ ಗಾಳಿ ಇರುತ್ತದೆ. ನೀರಿಗೆ ಹಾಕಿದ ಹೋಳು ತೇಲುವುದು ಅದಕ್ಕೇ. ತೇಲಿದ ಭಾಗ ಕಪ್ಪಾಗುತ್ತದೆ. ಹೋಳುಗಳ ಮೇಲೆ ಒಂದು ತಟ್ಟೆ ಕವುಚಿ, ಎಲ್ಲವೂ ಮುಳುಗುವಂತೆ ಇಡಿ.

ಹುಳಿಯಲ್ಲಿ ನೆನೆದ ಹೋಳನ್ನು ತೊಳೆದು ಬುಟ್ಟಿಯಲ್ಲಿ ಹರಡಿಟ್ಟು ಬೇರೆ ಕೆಲಸಕ್ಕೆ ಹೋದರೆ ಅದು ಮತ್ತೆ ಕಪ್ಪಾಗುತ್ತದೆ. ಮಜ್ಜಿಗೆಯಂಥ ಹುಳಿ ಕಿಣ್ವವನ್ನು ತಡೆದು ನಿಲ್ಲಿಸುತ್ತದೆ, ಸಾಯಿಸುವುದಿಲ್ಲ. ಹುಳಿ ತೊಳೆದುಹೋದ ಮೇಲೆ ಅದು ಮತ್ತೆ ಕೆಲಸಕ್ಕಿಳಿಯುತ್ತದೆ. ಮಜ್ಜಿಗೆಯಿಂದ ತೆಗೆದ ಹೋಳು ನೇರ ಒಲೆಗೆ ಹೋಗಬೇಕು. ನಿಂಬೆರಸದಲ್ಲಿ ಹುಳಿಯ ಜೊತೆಗೆ ಸಿ ಜೀವಸತ್ವವೂ ಇದೆ. ಅದು ಆಗಷ್ಟೇ ಹುಟ್ಟಿದ ಕ್ವಿನೋನನ್ನು ಹಿಂದಿನ ರೂಪಕ್ಕೆ ತಿರುಗಿಸುತ್ತಾ, ತಾನು ಖರ್ಚಾಗುತ್ತಾ ಹೋಗುತ್ತದೆ. ಅದು ಮುಗಿಯಿತೆಂದರೆ ಬಣ್ಣ ಶುರು. ರಸಬಾಳೆಯ ರಸಾಯನಕ್ಕೆ ಹಣ್ಣನ್ನು ಕೊನೆಯಲ್ಲಿ ಹೆಚ್ಚಿ ಹಾಕಿ, ಕೂಡಲೇ ಬೆಲ್ಲದ ಪಾಕದಲ್ಲೋ ಕಾಯಿಹಾಲಿನಲ್ಲೋ ಮುಳುಗಿಸಿದರೆ ನಿಂಬೆಯೂ ಬೇಕಿಲ್ಲ.

ಒಲೆಯ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ತಣ್ಣೀರಿಗೆ ಹೋಳು ಹಾಕಿ ಆಮೇಲೆ ಬೆಂಕಿ ಹಚ್ಚುತ್ತಾರೆ. ನೀರು ಬೆಚ್ಚಗಾಗುವ ಹೊತ್ತಿನಲ್ಲಿ ಕೋಶದ ಪೊರೆಗಳು ಒಡೆಯುತ್ತವೆ, ಫಿನಾಲ್ ಹೊರಬರುತ್ತದೆ, ಕಿಣ್ವ ಇನ್ನೂ ಜೀವಂತವಾಗಿಯೇ ಇರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಎಸರು ಮರಳಿದ ಮೇಲೆಯೇ ಹೋಳು ಹಾಕಿ. ಒಮ್ಮೆಗೆ ರಾಶಿ ಸುರಿದು ಎಸರು ತಣಿಯುವಂತೆ ಮಾಡಬೇಡಿ. ತೆಳು ಹೋಳಿಗೆ ಎರಡು ಮೂರು ನಿಮಿಷ ಕುದಿ ಸಾಕು. ಆಯಿತೋ ಇಲ್ಲವೋ ಎಂದು ನೋಡಲು ಒಂದು ಹೋಳನ್ನು ತೆಗೆದು ನಡುವೆ ಸೀಳಿ ಕಾಲು ಗಂಟೆ ಗಾಳಿಗೆ ಬಿಡಿ. ನಡುಭಾಗ ಕೆಂಚಾದರೆ ಬಿಸಿ ಒಳತನಕ ಮುಟ್ಟಿಲ್ಲ ಎಂದರ್ಥ.

ಫ್ರಿಜ್ಜನ್ನು ನಂಬಿ ಕೆಟ್ಟ ಬಾಳೆಹಣ್ಣು ಲೆಕ್ಕವಿಲ್ಲದಷ್ಟು. ಬಾಳೆ ಉಷ್ಣವಲಯದ ಗಿಡ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಸಿಪ್ಪೆಯ ಪೊರೆಗಳು ಹದಗೆಟ್ಟು ಒಳಗಿನ ಗೋಡೆ ಬೀಳುತ್ತದೆ, ಸಿಪ್ಪೆ ಕಪ್ಪಾಗುತ್ತದೆ. ಹಣ್ಣಿನ ತಿರುಳು ಚೆನ್ನಾಗಿಯೇ ಇರಬಹುದು. ಕಾಯಿಯನ್ನು ಇಟ್ಟರೆ ಮಾತ್ರ ಅದು ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ಫ್ರೀಜರಿನಲ್ಲಿ ಹಸಿ ಹೋಳು ಇಡುವುದಂತೂ ಬೇಡ. ಮಂಜಿನ ಹರಳು ಕೋಶವನ್ನು ಸೀಳುತ್ತದೆ, ಚಳಿ ಕಿಣ್ವವನ್ನು ಕೊಲ್ಲುವುದಿಲ್ಲ. ಹೊರತೆಗೆದು ಕರಗುತ್ತಿದ್ದಂತೆ ಎಲ್ಲವೂ ಒಮ್ಮೆಗೇ ಕಪ್ಪು. ಕುದಿನೀರಿನ ಶಾಸ್ತ್ರ ಮುಗಿಸಿ, ತಣಿಸಿ, ನೀರಾರಿಸಿಯೇ ಒಳಗಿಡಬೇಕು.

2021ರಲ್ಲಿ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀಪಡ್ರೆ ಅವರ ಒತ್ತಾಸೆಯಿಂದ ಬಾಳೆಕಾಯಿ ಹುಡಿಯ ಚಳವಳಿ ‘ಬಾಕಾಹು’ ಎಂಬ ಹೆಸರಿನಲ್ಲಿ ಕರ್ನಾಟಕದ ಹಳ್ಳಿಹಳ್ಳಿಯ ಮನೆಗಳಿಗೆ ಮುಟ್ಟಿತು. ಗೊನೆಗೆ ಬೆಲೆ ಬಿದ್ದಾಗ ಬೆಳೆಗಾರನ ಮನೆಯೇ ಕಾರ್ಖಾನೆಯಾಗುವ ಈ ದಾರಿ ನನಗೆ ತುಂಬ ಇಷ್ಟವಾದದ್ದು. ಹುಡಿ ಬೂದುಬಣ್ಣಕ್ಕೆ ತಿರುಗದಿರಲು ಮೇಲಿನ ಮಾತುಗಳೇ ದಾರಿ. ಸುಲಿದ ಕಾಯಿ ನೇರ ನೀರಿಗೆ ಬೀಳಬೇಕು. ಬಿಲ್ಲೆಗಳನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲೋ ತಿಳಿಗಂಜಿಯಲ್ಲೋ ಅದ್ದಬೇಕು. ಒಂದರ ಮೇಲೊಂದು ಕೂರದಂತೆ ತೆಳುವಾಗಿ ಹರಡಿ ಸುಡುಬಿಸಿಲಿನಲ್ಲಿ ಬೇಗ ಒಣಗಿಸಬೇಕು. ನೀರು ಹೋದ ಮೇಲೆ ಕಿಣ್ವಕ್ಕೆ ಓಡಾಡಲು ಜಾಗವಿಲ್ಲ. ಮೋಡದ ದಿನ ನಿಧಾನ ಒಣಗಿದ ಬಿಲ್ಲೆ ಎಷ್ಟು ಅದ್ದಿದರೂ ಮಂಕಾಗಿಯೇ ಇರುತ್ತದೆ. ಹಾಗೆಂದು ಬೆಳ್ಳಗಾಗಿಸಲು ಮೆಟಾಬೈಸಲ್ಫೈಟ್ ಪುಡಿಗೆ ಕೈ ಹಾಕಬೇಡಿ. ಗಂಧಕದ ಈ ಬಗೆಯ ಲವಣಗಳು ಬಣ್ಣ ತಡೆಯುವುದು ನಿಜ, ಉಬ್ಬಸ ಇರುವವರಿಗೆ ಅಪಾಯ ತರುವುದೂ ನಿಜ. ಅಮೆರಿಕ 1986ರಲ್ಲೇ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಇವನ್ನು ಹಾಕುವುದನ್ನು ನಿಷೇಧಿಸಿತು. ಹುಡಿಯನ್ನು ವ್ಯಾಪಾರದ ಮಟ್ಟಕ್ಕೆ ಒಯ್ಯುವ ಆಸೆ ಇರುವವರಿಗೆ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ.

ಕಬ್ಬಿನ ಹಾಲು, ಹಿಪ್ಪುನೇರಳೆ, ಚಹಾ

ಆಲೆಮನೆಯಲ್ಲೂ ಇದೇ ಕಿಣ್ವ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಹೋಗದೆ ನಿಂತಷ್ಟೂ ಕಪ್ಪಾಗುತ್ತದೆ. ಕಬ್ಬಿನ ತುದಿಯ ಎಳೆ ಗೆಣ್ಣುಗಳಲ್ಲಿ ಕಿಣ್ವವೂ ಫಿನಾಲೂ ಹೆಚ್ಚು. ಅವನ್ನು ಚೆನ್ನಾಗಿ ಸವರಿ, ಕಡಿದ ಕಬ್ಬನ್ನು ಅಂದೇ ಅರೆದು, ಹಾಲನ್ನು ತಡಮಾಡದೆ ಕುದಿಸಿದರೆ ಬೆಲ್ಲಕ್ಕೆ ಹೊನ್ನಿನ ಬಣ್ಣ ಅರ್ಧ ಅಲ್ಲೇ ಬಂದಂತೆ. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಹಳೆಯ ಪದ್ಧತಿ ಉಳಿದರ್ಧವನ್ನು ನೋಡಿಕೊಳ್ಳುತ್ತದೆ. ಪಾಕ ಏರುವಾಗ ಬರುವ ಕೆಂಪು ಬೇರೆಯದು, ಅದು ಸಕ್ಕರೆ ಬಿಸಿಗೆ ತಿರುಗಿದ ಬಣ್ಣ. ನಿಂತ ಹಾಲಿನ ಕಪ್ಪನ್ನು ಮುಚ್ಚಲು ಹೈಡ್ರೋಸ್ ಎಂಬ ಬಿಳುಪಿಸುವ ರಾಸಾಯನಿಕ ಸುರಿಯುವವರಿದ್ದಾರೆ. ಬೆಳ್ಳನೆಯ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವುದನ್ನು ಕೊಳ್ಳುವವರು ಬಿಟ್ಟರೆ ಅದೂ ನಿಲ್ಲುತ್ತದೆ.

ರೇಷ್ಮೆ ಸಾಕುವವರಿಗೂ ಒಂದು ಮಾತು. ಚಾಕಿ ಹುಳುವಿಗೆ ಸೊಪ್ಪು ಹೆಚ್ಚಿ ಹಾಕುವಾಗ ಆ ಹೊತ್ತಿಗೆ ಬೇಕಾದಷ್ಟನ್ನೇ ಹೆಚ್ಚಿ. ಹೆಚ್ಚಿದ ಹಿಪ್ಪುನೇರಳೆ ಎಲೆಯ ಅಂಚು ಕೆಂಚಾಗಿ ಬಾಡುತ್ತದೆ. ಇಡೀ ಎಲೆಯನ್ನು ಒದ್ದೆ ಗೋಣಿಯ ಕೆಳಗೆ ಇಟ್ಟರೆ ತಾಜಾ ಉಳಿಯುತ್ತದೆ.

ಬಣ್ಣ ಬೇಕೆಂದೇ ಕಿಣ್ವವನ್ನು ಎಬ್ಬಿಸುವವರೂ ಇದ್ದಾರೆ. ಪಕ್ಕದ ನೀಲಗಿರಿಯ ಚಹಾ ಕಾರ್ಖಾನೆಗಳಲ್ಲಿ ಎಲೆಯನ್ನು ಯಂತ್ರದಲ್ಲಿ ಹಿಂಡಿ ಹರಿದು ಗಾಳಿಗೆ ಬಿಡುವುದು ಅದಕ್ಕಾಗಿಯೇ. ಮೊದಲೇ ಬಿಸಿ ತಾಗಿಸಿ ಕಿಣ್ವವನ್ನು ಕೊಂದರೆ ಅದೇ ಎಲೆ ಹಸಿರು ಚಹಾ.

ಗೊನೆ ಇಳಿಸುವಾಗ

ರಸಬಾಳೆಯ ಸಿಪ್ಪೆ ತೆಳು. ಗೊನೆ ಇಳಿಸುವಾಗ ಬಿದ್ದ ಏಟು, ಗಾಡಿಯಲ್ಲಿ ಚಿಪ್ಪಿಗೆ ಚಿಪ್ಪು ಉಜ್ಜಿದ ಗೀರು ಆ ದಿನ ಕಾಣುವುದಿಲ್ಲ. ಕಾಯಿ ಹಣ್ಣಾಗುತ್ತಾ ಬಂದಂತೆ, ವ್ಯಾಪಾರಿಯ ಕೈ ಸೇರಿದ ಮೇಲೆ, ಕಪ್ಪು ಪಟ್ಟೆಯಾಗಿ ಏಳುತ್ತದೆ. ಬೆಲೆ ಕಡಿಮೆಯಾಗುವುದು ಅಲ್ಲಿ, ನಷ್ಟವಾದದ್ದು ತೋಟದಲ್ಲಿ. ಗೊನೆಯನ್ನು ಒಬ್ಬರು ಕಡಿದು ಇನ್ನೊಬ್ಬರು ಹೆಗಲಿಗೆ ತೆಗೆದುಕೊಳ್ಳಬೇಕು, ನೆಲಕ್ಕೆ ಬೀಳಬಾರದು. ಚಿಪ್ಪು ಬಿಡಿಸಿದರೆ ಕಡಿದ ತೊಟ್ಟಿನಿಂದ ಕರೆ ಇಳಿದು ಕಾಯಿಯ ಮೇಲೆ ಹರಿಯದಂತೆ ತೊಟ್ಟು ಕೆಳಮುಖವಾಗಿಟ್ಟು, ಕರೆ ಸೋರಿದ ಮೇಲೆ ನೀರಿನಲ್ಲಿ ತೊಳೆಯಬೇಕು. ಗಾಡಿಯಲ್ಲಿ ಪದರ ಪದರಕ್ಕೂ ಬಾಳೆ ಎಲೆ ಹಾಸಿ. ಖರ್ಚಿಲ್ಲದ ಕೆಲಸ, ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಕಾಂಡದೊಳಗಿನ ಕೆಂಪು ಎಳೆ

ನಂಜನಗೂಡು ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಷ್ಟು ಹೊತ್ತಿಗಾಗಲೇ ಪನಾಮಾ ಸೊರಗು ರೋಗ ಹಳೆಯ ತೋಟಗಳನ್ನು ತಿಂದು ಹಾಕಿತ್ತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ, ಬೇರಿನಿಂದ ನೀರು ಏರುವ ನಾಳಗಳಿಗೆ ಹೋಗುತ್ತದೆ. ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿದ್ದ ಗ್ರೋ ಮಿಷೆಲ್ ತಳಿಯನ್ನು 20ನೇ ಶತಮಾನದ ಮೊದಲರ್ಧದಲ್ಲಿ ಹಾಳುಗೆಡವಿದ್ದು ಇದೇ ರೋಗ. 1960ರ ದಶಕದ ಹೊತ್ತಿಗೆ ಆ ವ್ಯಾಪಾರವೆಲ್ಲ ಆಗ ರೋಗವನ್ನು ತಡೆದುಕೊಂಡ ಕ್ಯಾವೆಂಡಿಶ್ ಗುಂಪಿಗೆ, ಅಂದರೆ ನಮ್ಮ ಪಚ್ಚಬಾಳೆಯ ಬಳಗಕ್ಕೆ ವರ್ಗವಾಯಿತು. ರಸಬಾಳೆಗೆ ಆ ತಡೆಯುವ ಶಕ್ತಿ ಇಲ್ಲ.

ಶಿಲೀಂಧ್ರ ನಾಳಕ್ಕೆ ಹೊಕ್ಕಾಗ ಪಕ್ಕದ ಕೋಶಗಳು ಸುಮ್ಮನಿರುವುದಿಲ್ಲ. ಫಿನಾಲ್‌ಗಳನ್ನು ಹೊರಗೆ ಸುರಿಯುತ್ತವೆ, ಅವು ಆಮ್ಲಜನಕ ಸೇರಿ ಕೆಂಪುಗಂದು ಬಣ್ಣಕ್ಕೆ ತಿರುಗುತ್ತವೆ, ಅಂಟು ಕಟ್ಟಿ ನಾಳ ಮುಚ್ಚುತ್ತದೆ. ಶತ್ರುವನ್ನು ಅಲ್ಲೇ ಕಟ್ಟಿಹಾಕುವ ಪ್ರಯತ್ನ ಅದು. ತಡವಾದಾಗ ನೀರಿನ ದಾರಿಯೇ ಮುಚ್ಚಿ ಗಿಡ ಸೊರಗುತ್ತದೆ. ಚಾಕು ತಾಗಿದಾಗಿನ ಕಪ್ಪಿಗೂ ಇದಕ್ಕೂ ರಸಾಯನ ಒಂದೇ. ವ್ಯತ್ಯಾಸ ಇರುವುದು ಸಮಯದಲ್ಲಿ ಮತ್ತು ಜಾಗದಲ್ಲಿ, ಪರೀಕ್ಷೆ ನಿಂತಿರುವುದೂ ಅದರ ಮೇಲೆಯೇ.

ಅನುಮಾನದ ಗಿಡದ ಬುಡದ ಬಳಿ ಶುಚಿಯಾದ ಹರಿತ ಚಾಕುವಿನಿಂದ ಅಡ್ಡಲಾಗಿ ಒಂದು ತುಂಡು ತೆಗೆಯಿರಿ. ಆ ಕ್ಷಣವೇ ನೋಡಿ. ಚಾಕು ಒರೆಸಿ ಬರುವಷ್ಟು ಹೊತ್ತೂ ಕಾಯಬೇಡಿ. ಮೈಯೆಲ್ಲ ಬೆಳ್ಳಗಿದ್ದು, ಕೆಲವು ನಿಮಿಷದಲ್ಲಿ ಮೇಲ್ಮೈ ಪೂರ್ತಿ ಒಂದೇ ಸಮನೆ ಕೆಂಚಾದರೆ ಅದು ನೀವು ಮಾಡಿದ ಗಾಯದ ಬಣ್ಣ. ಮೇಲಿಂದ ತೆಳುವಾಗಿ ಇನ್ನೊಂದು ಪದರ ಕೆತ್ತಿದರೆ ಕೆಳಗೆ ಮತ್ತೆ ಬಿಳುಪು ಸಿಗುತ್ತದೆ. ಕತ್ತರಿಸಿದ ಕ್ಷಣದಲ್ಲೇ ಕೆಂಪು ಇಲ್ಲವೇ ಕಂದು ಚುಕ್ಕಿಗಳು ಉಂಗುರದ ಸಾಲಿನಲ್ಲಿ ಕಂಡರೆ, ಉದ್ದಕ್ಕೆ ಸೀಳಿದಾಗ ಅವೇ ಎಳೆಗಳಾಗಿ ಮೇಲಕ್ಕೆ ಓಡಿದ್ದರೆ, ಎಷ್ಟು ಕೆತ್ತಿದರೂ ಅವು ಹೋಗದಿದ್ದರೆ, ಅದು ಸೊರಗು ರೋಗ. ಹೊರಗಿನ ಲಕ್ಷಣಗಳೂ ಹೊಂದಬೇಕು: ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುವುದು, ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಜೋತುಬೀಳುವುದು, ಬುಡ ಸೀಳುವುದು. ಕಾಂಡದಲ್ಲಿ ತೂತು, ಲೋಳೆ ಇದ್ದರೆ ಕಾಂಡ ಕೊರಕ ಇರಬಹುದು. ಗಡ್ಡೆ ಮೆತ್ತಗಾಗಿ ನಾತ ಬಂದರೆ ಅದು ಬ್ಯಾಕ್ಟೀರಿಯಾದ ಕೊಳೆರೋಗ.

ರೋಗ ಖಚಿತವಾದ ಗಿಡದಿಂದ ಮರಿ ತೆಗೆಯಲೇಬಾರದು. ಮರಿ ಎಷ್ಟೇ ಹಸಿರಾಗಿದ್ದರೂ ಗಡ್ಡೆಯಲ್ಲಿ ಶಿಲೀಂಧ್ರ ಇರುತ್ತದೆ. ಕುಡುಗೋಲು, ಹಾರೆ, ಗುದ್ದಲಿಯ ಮಣ್ಣು ಕೆರೆದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ. ಆ ಗಿಡದ ಬುಡದಿಂದ ಹಾಯಿ ನೀರು ಮುಂದಿನ ಸಾಲಿಗೆ ಹರಿಯದಂತೆ ಕಟ್ಟು ಹಾಕಿ. ಕಬಿನಿ ನಾಲೆಯ ನೀರು ಹೊಲದಿಂದ ಹೊಲಕ್ಕೆ ಇಳಿಯುವ ಕಡೆ ಇದು ಒಬ್ಬರ ಕೆಲಸವಲ್ಲ, ಕೆಳಗಿನ ಹೊಲದವರಿಗೂ ಹೇಳಬೇಕು. ಶಿಲೀಂಧ್ರದ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತವೆ. ಒಂದೆರಡು ಬೆಳೆ ಭತ್ತ ಹಾಕಿ ನೀರು ನಿಲ್ಲಿಸಿದರೆ ಹೊರೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಅಂಗಾಂಶ ಕೃಷಿಯ ಸಸಿಗಳಿಗೆ ಸೊರಗು ಬರುವುದಿಲ್ಲ ಎಂಬ ತಪ್ಪು ಭರವಸೆಯೊಂದು ಹರಡಿಕೊಂಡಿದೆ. ಪ್ರಯೋಗಾಲಯದಲ್ಲಿ ಮರಿಯ ತುದಿಯನ್ನು ಕತ್ತರಿಸಿದಾಗಲೂ ಇದೇ ಕಿಣ್ವ ಎಚ್ಚರಗೊಂಡು ತುಂಡು ಕಪ್ಪಾಗಿ ಸಾಯುವುದುಂಟು. ಅದಕ್ಕೆಂದೇ ಆಸ್ಕಾರ್ಬಿಕ್ ಆಮ್ಲದಲ್ಲಿ, ಸಿಟ್ರಿಕ್ ಆಮ್ಲದಲ್ಲಿ ಅದ್ದುತ್ತಾರೆ, ಇದ್ದಿಲ ಪುಡಿ ಸೇರಿಸುತ್ತಾರೆ, ಮಾಧ್ಯಮವನ್ನು ಬೇಗ ಬೇಗ ಬದಲಿಸುತ್ತಾರೆ. ಹಾಗೆ ಬೆಳೆದು ಬಂದ ರಸಬಾಳೆ ಸಸಿ ರೋಗಮುಕ್ತವಾಗಿರುತ್ತದೆ. ರೋಗ ನಿರೋಧಕ ಅಲ್ಲ. ಶಿಲೀಂಧ್ರ ಇರುವ ಮಣ್ಣಿಗೆ ನೆಟ್ಟರೆ ಅದಕ್ಕೂ ಸೊರಗು ಬರುತ್ತದೆ. ಸಸಿಗೆ ದುಡ್ಡು ಹಾಕುವ ಮೊದಲು ಆ ಹೊಲದಲ್ಲಿ ಹಿಂದೆ ರಸಬಾಳೆ, ಏಲಕ್ಕಿ ಬಾಳೆ ಸೊರಗಿತ್ತೇ ಎಂದು ಹಳಬರನ್ನು ಕೇಳಿ ತಿಳಿಯಿರಿ.

ಖಚಿತವಾಗದಿದ್ದರೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಮಾದರಿ ಒಯ್ಯುವಾಗ ಬಣ್ಣ ತಿರುಗಿದ ಎಳೆಗಳಿರುವ ಕಾಂಡದ ಸಣ್ಣ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವತು ಕೊಳೆಯುತ್ತದೆ. ಬೇರಿಗೆ ಅಂಟಿದ ಮಣ್ಣು ದಾರಿಯಲ್ಲಿ ಉದುರದಂತೆ ಹೊಲದಲ್ಲೇ ತೆಗೆದುಬಿಡಿ. ಕತ್ತರಿಸಿದ ಕ್ಷಣದಲ್ಲೇ ಮೊಬೈಲಿನಲ್ಲಿ ಹತ್ತಿರದಿಂದ ಒಂದು ಚಿತ್ರ, ಹತ್ತು ನಿಮಿಷ ಬಿಟ್ಟು ಅದೇ ತುಂಡಿನ ಇನ್ನೊಂದು ಚಿತ್ರ ತೆಗೆದುಕೊಳ್ಳಿ. ಸುತ್ತೂರು ಮುಟ್ಟುವ ಹೊತ್ತಿಗೆ ಯಾವ ತುಂಡಾದರೂ ಮೇಲೆ ಕಪ್ಪಾಗಿಯೇ ಇರುತ್ತದೆ. ಆ ಕಪ್ಪು ಮೊದಲ ಚಿತ್ರದಲ್ಲೇ ಇತ್ತೇ, ಎರಡನೆಯದರಲ್ಲಿ ಬಂತೇ ಎಂಬುದು ಅಲ್ಲಿನ ತಜ್ಞರಿಗೆ ಮೊದಲ ಸುಳಿವು.